ಮೂಲೆ ಅಂಗಡಿಯ ಜಲವರ್ಣ: ಒಳಗಿನ ಕತ್ತಲು ಬರೆಯುವುದು ಹೇಗೆ?

ಮೈಸೂರಿನ ಹಳೇ ಬೀದಿಗಳಲ್ಲಿ ಹೆಂಚಿನ ಸೂರು, ಹಲಗೆ ಬಾಗಿಲು ಇರುವ ಮೂಲೆ ಅಂಗಡಿ ಕಂಡರೆ ಬಿಡಬೇಡಿ. ಜಲವರ್ಣ ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ವಸ್ತು ಸಿಗುವುದು ಕಷ್ಟ. ಮೂಲೆ ಅಂಗಡಿಗೆ ಎರಡು ಮುಖ ಅಲ್ವಾ? ಬೆಳಿಗ್ಗೆ ಹೋದರೆ ಒಂದು ಗೋಡೆಗೆ ಬಿಸಿಲು, ಇನ್ನೊಂದಕ್ಕೆ ನೆರಳು. ಕಟ್ಟಡದ ಘನ ಆಕಾರ ಅಷ್ಟರಲ್ಲೇ ಕಾಣಿಸುತ್ತದೆ.

ಕಾಗದ 300 ಜಿಎಸ್ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವಂಥದ್ದು ಇರಲಿ. ತೆಳುವಾದದ್ದು ನೀರು ಕುಡಿದು ಉಬ್ಬುತ್ತದೆ. ಮೊದಲು ನಿಮ್ಮ ಕಣ್ಣಿನ ಮಟ್ಟಕ್ಕೆ ಒಂದು ಅಡ್ಡಗೆರೆ ಎಳೆಯಿರಿ. ಸೂರಿನ ಗೆರೆಗಳು ಮೂಲೆಯಿಂದ ಎರಡೂ ಕಡೆ ಇಳಿಯುತ್ತಾ ಅದರತ್ತ ಹೋಗಬೇಕು, ಜಗಲಿಯ ಗೆರೆಗಳು ಏರುತ್ತಾ ಹೋಗಬೇಕು.

ಈಗ ಅಂಗಡಿಯ ಒಳಗಿನ ಕತ್ತಲು. ಚಿತ್ರದ ಜೀವ ಇರುವುದೇ ಇಲ್ಲಿ. ಟ್ಯೂಬಿನ ಕಪ್ಪು ಬಳಿದರೆ ಆ ಜಾಗ ಮಸಿ ಮೆತ್ತಿದಂತೆ ಕಾಣುತ್ತದೆ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಸೇರಿಸಿ ನೋಡಿ. ಸಿಯೆನ್ನಾ ಕಿತ್ತಳೆ ಕಡೆಯ ಕಂದು. ನೀಲಿ, ಕಿತ್ತಳೆ ಒಂದನ್ನೊಂದು ತಗ್ಗಿಸುವ ಬಣ್ಣಗಳು. ಅದಕ್ಕೇ ಎರಡೂ ಸೇರಿ ಗಾಢ ಬೂದು ಬರುತ್ತದೆ. ಒಳಗಡೆ ನೀಲಿ ಜಾಸ್ತಿ, ಬಾಗಿಲ ಹತ್ತಿರ ಕಂದು ಜಾಸ್ತಿ ಮಾಡಿ, ಒದ್ದೆ ಇರುವಾಗಲೇ ಎರಡನ್ನೂ ಕೂಡಲು ಬಿಡಿ. ಒಣಗಿದಾಗ ಬಣ್ಣ ತಿಳಿಯಾಗುತ್ತದೆ, ಹಾಗಾಗಿ ಬೇಕಾದ್ದಕ್ಕಿಂತ ಗಾಢವಾಗಿಯೇ ಹಾಕಿ. ಆಮೇಲೆ ಸುಮ್ನೆ ತಿದ್ದುತ್ತಾ ಕೂರಬೇಡಿ, ಕೆಸರಾಗುತ್ತದೆ.

ಕತ್ತಲಿಗೆ ಮೊದಲೇ ಬೆಳಕನ್ನು ಕಾಯ್ದಿಟ್ಟುಕೊಳ್ಳಬೇಕು. ನೇತುಹಾಕಿದ ಬಾಳೆಗೊನೆಗೆ ಹಳದಿ ಹಾಕಿ, ಪೂರ್ತಿ ಒಣಗಿಸಿ, ನಂತರ ಸುತ್ತ ಕತ್ತಲು ತನ್ನಿ. ಗಾಜಿನ ಭರಣಿಯ ಹೊಳಪಿಗೆ ಬಣ್ಣವೇ ಬೇಡ, ಕಾಗದದ ಬಿಳಿ ಹಾಗೇ ಉಳಿಯಲಿ.

ಇದನ್ನು ಕಣ್ಣಾರೆ ಕಲಿಯಲು ಜಗನ್ಮೋಹನ ಅರಮನೆಯ ಗ್ಯಾಲರಿಗೆ ಹೋಗಿ. ಅಲ್ಲಿ ದೀಪ ಹಿಡಿದ ಹೆಣ್ಣಿನ ಚಿತ್ರವಿದೆ. ರವಿವರ್ಮರದ್ದು ಎಂದು ಬಹಳ ಜನ ನಂಬಿದ್ದಾರೆ, ಆದರೆ ಅದು ಎಸ್. ಎಲ್. ಹಲ್ದಂಕರ್ ಅವರ ಜಲವರ್ಣ. ದೀಪದ ಕುಡಿ ಕೈ ಹಿಂದೆ ಮರೆಯಾಗಿದೆ. ಆದರೂ ಬೆರಳುಗಳು ಬೆಳಗುತ್ತವೆ, ಏಕೆಂದರೆ ಸುತ್ತಲಿನ ಕತ್ತಲನ್ನು ಅಷ್ಟು ಎಚ್ಚರದಿಂದ ಇಟ್ಟಿದ್ದಾರೆ. ನನಗೆ ಅದಕ್ಕಿಂತ ದೊಡ್ಡ ಪಾಠ ಗೊತ್ತಿಲ್ಲ.

ಕೊನೆಗೆ ಸೂರಿನ ನೆರಳು. ಗೋಡೆ ಪೂರ್ತಿ ಒಣಗಿದ ಮೇಲೆ, ದೊಡ್ಡ ಬ್ರಷ್‌ನಲ್ಲಿ, ಒಂದೇ ಸಲ ಎಳೆಯಿರಿ. ಹೆಂಚುಗಳನ್ನು ಅಲ್ಲೊಂದು ಇಲ್ಲೊಂದು ಸೂಚಿಸಿದರೆ ಸಾಕು. ಬೋರ್ಡಿನ ಅಕ್ಷರಗಳನ್ನೂ ಅಷ್ಟೇ, ಓದುವಂತೆ ಬರೆದರೆ ಕಣ್ಣು ಅಲ್ಲೇ ನಿಂತು ಅಂಗಡಿಯ ಒಳಗೆ ಹೋಗುವುದಿಲ್ಲ.