ಎರಡು ತಿಂಗಳ ಮೆಕ್ಸಿಕೋ ವಾಸಕ್ಕೆ ದಿನಸಿ ಕಟ್ಟಿಕೊಂಡು ಹೋಗಬೇಕಾ?

ಪ್ರಶ್ನೆ: ಕೆನಡಾದ ಚಳಿ ತಡೆಯಲಾರದೆ ಜನವರಿ, ಫೆಬ್ರವರಿಗೆ ಮೆಕ್ಸಿಕೋದ ಬುಸೇರಿಯಾಸ್‌ನಲ್ಲಿ ಮನೆ ಹಿಡಿದಿದ್ದೇವೆ. ನಾವಿಬ್ಬರೂ ಸಸ್ಯಾಹಾರಿಗಳು. ದಿನಸಿ ಎಲ್ಲಾ ಇಲ್ಲಿಂದಲೇ ತಗೊಂಡು ಹೋಗೋದಾ, ಅಲ್ಲೇ ಸಿಗುತ್ತಾ?

ಅಲ್ಲೇ ಸಿಗುತ್ತದೆ. ಇಂಗಿನ ಡಬ್ಬಿ, ಅಂಗಡಿಯ ಸೀಲ್ ಇರುವ ಸಾಂಬಾರ್ ಪುಡಿ ಇಟ್ಟುಕೊಳ್ಳಿ, ಸಾಕು. ಹಣ್ಣು, ತರಕಾರಿ, ಹಸಿ ಕರಿಬೇವು ಒಯ್ಯಲೇಬೇಡಿ. ಅಲ್ಲಿಯ ವಿಮಾನ ನಿಲ್ದಾಣದಲ್ಲಿ, ಗಿಡ-ಪ್ರಾಣಿಗಳ ರೋಗ ಒಳಬರದಂತೆ ಕಾಯುವ ಸೆನಾಸಿಕಾ ಇಲಾಖೆಯವರು ಬ್ಯಾಗ್ ನೋಡುತ್ತಾರೆ, ಮೂಸುವ ನಾಯಿಗಳೂ ಇರುತ್ತವೆ. ಮನೆಯಲ್ಲಿ ಕುಟ್ಟಿದ, ಲೇಬಲ್ ಇಲ್ಲದ ಪುಡಿಗೂ ತಕರಾರು ಬರಬಹುದು. ಬೇಳೆ ಒಯ್ಯುವ ಆಸೆಯಿದ್ದರೆ ಹೊರಡುವ ಮೊದಲು ಅವರ ಪಟ್ಟಿ ಒಮ್ಮೆ ನೋಡಿ. ನಾನಂತೂ ಆ ಗೋಜಿಗೆ ಹೋಗುವುದಿಲ್ಲ. ಅಲ್ಲಿ 'ಲೆಂತೇಹಾ' ಅಂತ ಸಿಗುವ ಇಡೀ ಮಸೂರದಲ್ಲೇ ಸಾರು ಮಾಡುತ್ತೇನೆ.

ನಿಜ ಹೇಳಬೇಕಂದ್ರೆ, ನಮ್ಮ ಅಡುಗೆಮನೆಯ ಅರ್ಧ ಸಾಮಾನಿಗೆ ತವರುಮನೆ ಆ ಕಡೆಯೇ. ಮೆಣಸಿನಕಾಯಿ, ಸೀಬೆ, ಪರಂಗಿ, ಸಪೋಟ, ಸೀಮೆಬದನೆ ಎಲ್ಲ ಅಲ್ಲಿಂದ ನಮ್ಮ ಕಡೆ ಬಂದವು. ಸೀಮೆಬದನೆಗೆ ಅವರು 'ಚಯೋತೆ' ಅನ್ನುತ್ತಾರೆ. ಹಸಿಮೆಣಸಿನಕಾಯಿ ಬೇಕಾದರೆ 'ಸೆರ್ರಾನೊ' ಕೇಳಿ. ಒಣಮೆಣಸಿನಕಾಯಿಯಲ್ಲಿ 'ಗ್ವಾಹೀಯೊ' ನಮ್ಮ ಬ್ಯಾಡಗಿ ಥರ: ಬಣ್ಣ ಜಾಸ್ತಿ, ಖಾರ ಕಮ್ಮಿ. ಖಾರಕ್ಕೆ 'ಆರ್ಬೊಲ್' ಎರಡು ಹಾಕಿ, ಮೂರು ಹಾಕುವ ಮೊದಲು ಯೋಚನೆ ಮಾಡಿ. ಅಚ್ಚು ಬೆಲ್ಲವೂ ಸಿಗುತ್ತದೆ, ಹೆಸರು 'ಪಿಲೊನ್ಸೀಯೊ'. ದಕ್ಷಿಣ ಅಮೆರಿಕದ ಕೆಲವು ಕಡೆ ಬೆಲ್ಲಕ್ಕೆ 'ಪನೇಲಾ' ಅನ್ನುತ್ತಾರೆ. ಮೆಕ್ಸಿಕೋದಲ್ಲಿ ಪನೇಲಾ ಅಂದರೆ ಚೀಸ್, ಹೆಚ್ಚೂಕಮ್ಮಿ ನಮ್ಮ ಪನೀರ್. ಬೆಲ್ಲ ಕೇಳಿ ಪನೀರ್ ತಂದುಬಿಟ್ಟೀರಿ!

ಸಸ್ಯಾಹಾರಿಗಳು ಅಂದಿದ್ದೀರಲ್ಲ, ಇದನ್ನು ಗಮನವಿಟ್ಟು ಓದಿ. ಮೊದಲ ವರ್ಷ ಅಂಗಡಿಯಲ್ಲಿ ಬೆಳ್ಳಗಿನ ಮುದ್ದೆ ಕಂಡಿತು. 'ಮಾಂತೇಕಾ' ಅಂತ ಬರೆದಿತ್ತು. ಊರಿನ ಬೆಣ್ಣೆಯೂ ಬೆಳ್ಳಗೇ ಇರುತ್ತದೆ, ಅಲ್ವಾ? ಖುಷಿಯಿಂದ ತಂದು ಬಾಣಲೆಗೆ ಹಾಕಿ ಒಗ್ಗರಣೆಗೆ ನಿಂತೆ. ಬಿಸಿಯಾದಂತೆ ಬಂದ ವಾಸನೆಗೆ ನಮ್ಮ ಮನೆಯವರು ಓದುತ್ತಿದ್ದ ಪೇಪರ್ ಬಿಟ್ಟು ಎದ್ದು ಬಂದರು. ಅದು ಹಂದಿ ಕೊಬ್ಬು. ಬೆಣ್ಣೆಗೆ 'ಮಾಂತೆಕೀಯಾ' ಅನ್ನಬೇಕು. ಡಬ್ಬಿಯಲ್ಲಿ ಬರುವ ಬೇಯಿಸಿದ ಬೀನ್ಸ್ ಕಾಳಿನ ಮುದ್ದೆಯಲ್ಲೂ, ಮೈದಾ ರೊಟ್ಟಿಯಲ್ಲೂ ಈ ಮಾಂತೇಕಾ ಇರಬಹುದು. 'ಸೆರ್ದೊ' ಅಂತ ಬರೆದಿದ್ದರೆ ಹಂದಿ, 'ವೆಹೆತಾಲ್' ಅಂದರೆ ವನಸ್ಪತಿ. ಅಲ್ಲಿಯ ಜೋಳದ ರೊಟ್ಟಿ 'ತೋರ್ತೀಯಾ' ಮಾತ್ರ ಸಾಮಾನ್ಯವಾಗಿ ಸುಣ್ಣದ ನೀರಲ್ಲಿ ಬೇಯಿಸಿದ ಮೆಕ್ಕೆಜೋಳದ್ದು, ಅದರ ಭಯ ಬೇಡ.

ಇನ್ನು ಎಲ್ಲಿ ಕೊಳ್ಳುವುದು? ನಿಮ್ಮ ಬುಸೇರಿಯಾಸ್‌ಗೆ ಹತ್ತಿರದ ದೊಡ್ಡ ಊರು ಪ್ವೆರ್ತೊ ವಯಾರ್ತಾದಲ್ಲಿ ಕಾಸ್ಟ್ಕೊ ಇದೆ, ವಾಲ್‌ಮಾರ್ಟ್ ಇದೆ. ಎರಡೂ ಊರುಗಳಿರುವ ಸಮುದ್ರದ ಕೊಲ್ಲಿಯ ಸುತ್ತ ಚೆದ್ರಾವಿ, ಲಾ ಕೊಮೆರ್, ಸೊರಿಯಾನಾ ಅಂತ ದೊಡ್ಡ ಅಂಗಡಿಗಳೂ ಇವೆ. ಎಣ್ಣೆ, ಅಕ್ಕಿ, ಹಾಲು ಒಂದು ಸಲ ಅಲ್ಲಿ ತಂದುಬಿಡಿ. ತರಕಾರಿಯನ್ನು ಮಾತ್ರ ರಾಶಿ ಹಾಕಬೇಡಿ. ಸಮುದ್ರದ ಸೆಕೆಗೆ ಟೊಮೆಟೊ ಮೂರು ದಿನಕ್ಕೇ ಮೆತ್ತಗಾಗುತ್ತದೆ, ಮುಚ್ಚಳ ಸರಿ ಹಾಕದ ಸಕ್ಕರೆಗೆ ಇರುವೆ ಮುತ್ತುತ್ತದೆ. ಜನವರಿಯಲ್ಲಿ ಕೆನಡಾದಲ್ಲಿ ಮೆಕ್ಸಿಕೋ ಟೊಮೆಟೊ ತಿನ್ನುತ್ತೇವಲ್ಲ, ಅದರಲ್ಲಿ ಬಹಳಷ್ಟು ಬೆಳೆಯುವುದು ಬುಸೇರಿಯಾಸ್ ಇರುವ ನಯಾರಿತ್ ರಾಜ್ಯಕ್ಕೆ ಒತ್ತಿಕೊಂಡಿರುವ ಸಿನಲೋವಾ ರಾಜ್ಯದಲ್ಲಿ. ಬೆಳೆಯುವ ಜಾಗದ ಪಕ್ಕದಲ್ಲೇ ಕೂತು ಫ್ರಿಜ್ ತುಂಬಿಸಿಕೊಳ್ಳುವುದು ಯಾಕೆ?

ವಾರದ ಸಂತೆಗೆ 'ತಿಯಾಂಗಿಸ್' ಅನ್ನುತ್ತಾರೆ. ನಗದು, ಚಿಲ್ಲರೆ, ಕೈಚೀಲ ಇರಲಿ. ಬೀದಿಯ ಚಿಲ್ಲರೆ ಅಂಗಡಿಗಳಿಗೆ 'ಅಬಾರ್ರೋತೆಸ್' ಅಂತ ಬೋರ್ಡ್ ಇರುತ್ತದೆ. ಎರಡು ಈರುಳ್ಳಿ, ಒಂದು ಕಟ್ಟು ಕೊತ್ತಂಬರಿಗೆ ಅದೇ ಸರಿ. ಹಸಿಯಾಗಿ ತಿನ್ನುವ ಸೊಪ್ಪು, ಸೌತೆಕಾಯಿಗೆ ಅಲ್ಲಿನವರೇ ಸೋಂಕು ಕಳೆಯುವ ಹನಿ ಹಾಕಿದ ನೀರಲ್ಲಿ ನೆನೆಸುತ್ತಾರೆ. ತರಕಾರಿ ಸಾಲಿನ ಹತ್ತಿರವೇ ಸಣ್ಣ ಬಾಟಲಿ ಇಟ್ಟಿರುತ್ತಾರೆ. ಎಷ್ಟು ಹನಿ ಅಂತ ಅದರ ಮೇಲೇ ಇದೆ. ಕುಡಿಯುವ ನೀರು 20 ಲೀಟರ್‌ನ 'ಗರ್ರಫೋನ್' ಕ್ಯಾನ್‌ನಲ್ಲಿ ಬರುತ್ತದೆ. ಖಾಲಿ ಕ್ಯಾನ್ ಕೊಟ್ಟರೆ ನೀರಿನ ದುಡ್ಡು ಮಾತ್ರ.

ಕುಕ್ಕರ್ ಹೊರಬೇಡಿ. ಬೀನ್ಸ್ ಕಾಳು ಬೇಯಿಸುವ ದೇಶ ಅದು, 'ಒಯಾ ಎಕ್ಸ್‌ಪ್ರೆಸ್' ಎಲ್ಲೆಡೆ ಸಿಗುತ್ತದೆ. ಊರಿನಿಂದ ತಂದ 230 ವೋಲ್ಟ್ ಮಿಕ್ಸಿ ಅಲ್ಲಿ ಓಡುವುದಿಲ್ಲ, ಕೆನಡಾದಲ್ಲಿ ಕೊಂಡದ್ದು ಓಡುತ್ತದೆ.

ಒಂದು ದಪ್ಪ ಹತ್ತಿ ಬಟ್ಟೆ ಮಾತ್ರ ಮರೆಯದೆ ಇಟ್ಟುಕೊಳ್ಳಿ. ತೋರ್ತೀಯಾ ಅಂಗಡಿಗೆ ಬೆಳಿಗ್ಗೆ ಜನ ಬಟ್ಟೆ ಹಿಡಿದೇ ಬರುತ್ತಾರೆ. 'ಮೆದಿಯೊ ಕಿಲೊ' ಅಂದರೆ ಅರ್ಧ ಕೆಜಿ ತೂಗಿ, ಆವಿ ಆಡುತ್ತಿರುವಾಗಲೇ ಅದರಲ್ಲಿ ಸುತ್ತಿಕೊಡುತ್ತಾರೆ. ಬಟ್ಟೆ ಇಲ್ಲದಿದ್ದರೆ ಕಾಗದವೇ ಗತಿ. ಮನೆ ಮುಟ್ಟುವಷ್ಟರಲ್ಲಿ ಕೆಳಗಿನ ನಾಲ್ಕು ಬೆವರಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ.