ಕಾಯಿಲ್ ಚೆನ್ನಾಗಿದೆ, ಪ್ಲಗ್ ಏಕೆ ಸುಟ್ಟಿತು? ರೋಧ ಮತ್ತು ಸಾಮರ್ಥ್ಯದ ಲೆಕ್ಕ

ಕಳೆದ ಚಳಿಗಾಲದಲ್ಲಿ ನಮ್ಮ ಬಚ್ಚಲುಮನೆಯ ನೀರು ಕಾಯಿಸುವ ಕಾಯಿಲ್‌ನ ಪ್ಲಗ್ ಸುಟ್ಟುಹೋಯಿತು. ಕಾಯಿಲ್‌ಗೆ ಏನೂ ಆಗಿರಲಿಲ್ಲ. ಸಾಕೆಟ್‌ನ ಒಂದು ತೂತಿನ ಸುತ್ತ ಮಾತ್ರ ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ, ಉಬ್ಬಿ, ಪಿನ್ನಿಗೆ ಅಂಟಿಕೊಂಡಿತ್ತು. ಬಿಸಿಯಾಗಬೇಕಾದದ್ದು ಕಾಯಿಲ್, ಕರಗಿದ್ದು ಪ್ಲಗ್. ಇದಕ್ಕೆ ಉತ್ತರ ಹುಡುಕುತ್ತಾ ಹೋದಾಗಲೇ ಹತ್ತನೇ ತರಗತಿಯಲ್ಲಿ ಬಾಯಿಪಾಠ ಮಾಡಿದ ಸೂತ್ರಗಳು ನನಗೆ ನಿಜವಾಗಿ ಅರ್ಥವಾದವು.

ಮೊದಲು ಸೂತ್ರಗಳು. ವಿಭವಾಂತರವನ್ನು (ಅಂದರೆ ವೋಲ್ಟೇಜ್, ಮಾನ ವೋಲ್ಟ್) ಪ್ರವಾಹದಿಂದ (ಮಾನ ಆಂಪೇರ್) ಭಾಗಿಸಿದರೆ ರೋಧ ಸಿಗುತ್ತದೆ, ಅದರ ಮಾನ ಓಮ್. ಅವೆರಡನ್ನೂ ಗುಣಿಸಿದರೆ ಸಾಮರ್ಥ್ಯ, ಅದರ ಮಾನ ವ್ಯಾಟ್. ಜರ್ಮನಿಯ ಗಿಯಾರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮವೇ ಮೊದಲನೆಯದಕ್ಕೆ ಆಧಾರ. ಎರಡನ್ನೂ ಬೆಸೆದರೆ ಇನ್ನೆರಡು ರೂಪಗಳು ಹುಟ್ಟುತ್ತವೆ:

ಸಾಮರ್ಥ್ಯ = ಪ್ರವಾಹ² × ರೋಧ
ಸಾಮರ್ಥ್ಯ = ವಿಭವಾಂತರ² ÷ ರೋಧ

ಗೊಂದಲ ಶುರುವಾಗುವುದು ಇಲ್ಲಿಯೇ. ಒಂದರ ಪ್ರಕಾರ ರೋಧ ಹೆಚ್ಚಿದರೆ ಶಾಖ ಹೆಚ್ಚು, ಇನ್ನೊಂದರ ಪ್ರಕಾರ ಕಡಿಮೆ. ಯಾವುದು ಸರಿ? ಎರಡೂ ಸರಿ. ಆದರೆ ಒಂದು ಷರತ್ತಿದೆ: ಲೆಕ್ಕದಲ್ಲಿ ಬರುವ ವಿಭವಾಂತರ, ಪ್ರವಾಹ, ರೋಧ ಮೂರೂ ಒಂದೇ ವಸ್ತುವಿಗೆ ಸೇರಿದವಾಗಿರಬೇಕು. ಕಾಯಿಲ್‌ನ ವೋಲ್ಟೇಜನ್ನು ಪ್ಲಗ್‌ನ ರೋಧದ ಜೊತೆ ಸೇರಿಸಿದರೆ ಲೆಕ್ಕ ಕೆಟ್ಟಿತು.

ನಮ್ಮ ಕಾಯಿಲ್ ಮೇಲೆ 230 ವೋಲ್ಟ್, 1500 ವ್ಯಾಟ್ ಎಂದು ಅಚ್ಚಾಗಿದೆ. ಪ್ರವಾಹ = 1500 ÷ 230 = 6.52 ಆಂಪೇರ್. ಇದನ್ನು 6 ಆಂಪೇರ್‌ನ ಸಣ್ಣ ಸಾಕೆಟ್‌ಗೆ ಹಾಕಬಾರದು, 16 ಆಂಪೇರ್‌ನದೇ ಬೇಕು ಎಂಬುದು ಈ ಒಂದು ಭಾಗಾಕಾರದಿಂದಲೇ ತಿಳಿಯುತ್ತದೆ. ರೋಧ = 230 ÷ 6.52 = ಸುಮಾರು 35.3 ಓಮ್.

ಈಗ ಪ್ಲಗ್. ಸಾಕೆಟ್‌ನೊಳಗಿನ ಹಿತ್ತಾಳೆಯ ಪಟ್ಟಿ ಸಡಿಲವಾಗಿ ಪಿನ್ನನ್ನು ಬಿಗಿಯಾಗಿ ಹಿಡಿಯುತ್ತಿರಲಿಲ್ಲ. ಅಂಥ ಸಂಪರ್ಕದಲ್ಲಿ ಅರ್ಧ ಓಮ್ ರೋಧವಿದೆ ಎಂದುಕೊಳ್ಳೋಣ. ಒಟ್ಟು ರೋಧ 35.8 ಓಮ್, ಪ್ರವಾಹ 6.4 ಆಂಪೇರ್. ಪ್ಲಗ್ ಮತ್ತು ಕಾಯಿಲ್ ಸರಣಿಯಲ್ಲಿ, ಅಂದರೆ ಒಂದೇ ದಾರಿಯಲ್ಲಿ ಒಂದರ ಹಿಂದೊಂದು ಇರುವುದರಿಂದ ಎರಡರಲ್ಲೂ ಹರಿಯುವುದು ಇದೇ ಪ್ರವಾಹ. ಸಂಪರ್ಕದಲ್ಲಿ ಹುಟ್ಟುವ ಶಾಖ = 6.4 × 6.4 × 0.5 = ಸುಮಾರು 20 ವ್ಯಾಟ್. ಕಾಯಿಲ್‌ನ ಸಾವಿರದೈನೂರರ ಎದುರು ಇದು ಏನೇನೂ ಅಲ್ಲ ಎನಿಸಬಹುದು. ಆದರೆ ಕಾಯಿಲ್‌ನ ಶಾಖವನ್ನು ಹೀರಿಕೊಳ್ಳಲು ಬಕೆಟ್ ತುಂಬ ನೀರಿದೆ. ಪ್ಲಗ್‌ನ 20 ವ್ಯಾಟ್‌ಗೆ ಸಿಗುವುದು ಕಡಲೆಕಾಳಿನಷ್ಟು ಜಾಗದ ಲೋಹ, ಅದರ ಸುತ್ತ ಪ್ಲಾಸ್ಟಿಕ್. ಸೀಸದ ಬೆಸುಗೆಯನ್ನು ಕರಗಿಸುವ ಸೋಲ್ಡರಿಂಗ್ ಐರನ್ 25 ವ್ಯಾಟ್‌ನದು ಎಂಬುದನ್ನು ನೆನಪಿಸಿಕೊಳ್ಳಿ.

ಇದೇ ಪ್ಲಗ್‌ಗೆ ಎರಡನೆಯ ಸೂತ್ರ ಹಾಕಿ ನೋಡಿ. ಅವಸರದಲ್ಲಿ 230ರ ವರ್ಗವನ್ನು 0.5ರಿಂದ ಭಾಗಿಸಿದರೆ ಒಂದು ಲಕ್ಷ ವ್ಯಾಟ್ ದಾಟುತ್ತದೆ! ತಪ್ಪು ಎಲ್ಲಿ? 230 ವೋಲ್ಟ್ ಇರುವುದು ಇಡೀ ಮಂಡಲಕ್ಕೆ. ಆ ಸಂಪರ್ಕದ ಎರಡು ಬದಿಗಳ ನಡುವೆ ಇರುವುದು 6.4 × 0.5 = 3.2 ವೋಲ್ಟ್ ಅಷ್ಟೆ. 3.2ರ ವರ್ಗವನ್ನು 0.5ರಿಂದ ಭಾಗಿಸಿ: ಮತ್ತೆ 20 ವ್ಯಾಟ್. ಎರಡು ದಾರಿಯಲ್ಲೂ ಒಂದೇ ಉತ್ತರ ಬಂದಾಗ ನನಗಾದ ಸಮಾಧಾನ ಅಷ್ಟಿಷ್ಟಲ್ಲ. ಯಾವ ಲೆಕ್ಕ ಮಾಡಿದರೂ ಹೀಗೆ ತಾಳೆ ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಪರೀಕ್ಷೆಯಲ್ಲಿ ಹೆಚ್ಚು ಜನ ಎಡವುವ ಇನ್ನೊಂದು ಜಾಗ: ವೋಲ್ಟೇಜ್ ಇಳಿದರೆ ವ್ಯಾಟ್ ಎಷ್ಟು? ಸಂಜೆ ಹೊತ್ತು ಊರಿನಲ್ಲಿ ವೋಲ್ಟೇಜ್ 180ಕ್ಕೆ ಇಳಿಯಿತೆನ್ನಿ. ಕಾಯಿಲ್ ಮೇಲೆ ಬರೆದ 1500 ವ್ಯಾಟ್ ಈಗ ನಿಜವಲ್ಲ. ಬದಲಾಗದೆ ಉಳಿಯುವುದು ರೋಧ. ಆದ್ದರಿಂದ 180 × 180 ÷ 35.3 = ಸುಮಾರು 918 ವ್ಯಾಟ್. ವೋಲ್ಟೇಜ್ ಕಡಿಮೆಯಾದದ್ದು ಸುಮಾರು ಶೇ. 22, ಸಾಮರ್ಥ್ಯ ಕುಸಿದದ್ದು ಶೇ. 39. ಪ್ರವಾಹವೂ ಜೊತೆಗೇ ಇಳಿಯುವುದರಿಂದ ಹೊಡೆತ ಎರಡು ಬಾರಿ ಬೀಳುತ್ತದೆ. 15 ಲೀಟರ್ ನೀರನ್ನು 25 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲು 1500 ವ್ಯಾಟ್‌ನಲ್ಲಿ ಸುಮಾರು 14 ನಿಮಿಷ, 918ರಲ್ಲಿ ಸುಮಾರು 23 ನಿಮಿಷ. ಸೋರಿಹೋಗುವ ಶಾಖವನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ.

ರೋಧ ಬದಲಾಗುವುದಿಲ್ಲ ಎಂದು ಧೈರ್ಯವಾಗಿ ಹೇಳಿದ್ದು ಕಾಯಿಲ್‌ನೊಳಗಿನದು ನೈಕ್ರೋಮ್ (ನಿಕ್ಕಲ್, ಕ್ರೋಮಿಯಂಗಳ ಮಿಶ್ರಲೋಹ) ತಂತಿ ಎಂಬ ಕಾರಣಕ್ಕೆ. ಬಿಸಿಯಾದರೂ ಅದರ ರೋಧ ಹೆಚ್ಚು ಏರುವುದಿಲ್ಲ. ಹಳೆಯ ಕಾಲದ ತಂತಿ ಬಲ್ಬಿನ ಟಂಗ್‌ಸ್ಟನ್ ಹಾಗಲ್ಲ. 230 ವೋಲ್ಟ್, 100 ವ್ಯಾಟ್ ಬಲ್ಬಿನ ರೋಧ ಲೆಕ್ಕದ ಪ್ರಕಾರ 529 ಓಮ್. ಆರಿದ ಬಲ್ಬನ್ನು ಹೋಲ್ಡರ್‌ನಿಂದ ತೆಗೆದು ಮಲ್ಟಿಮೀಟರ್ ಹಿಡಿದರೆ 40 ಓಮ್ ಆಸುಪಾಸು ತೋರಿಸುತ್ತದೆ. ಮೀಟರ್ ಕೆಟ್ಟಿಲ್ಲ, ಲೆಕ್ಕವೂ ತಪ್ಪಿಲ್ಲ. 529 ಎಂಬುದು ಉರಿಯುವ ಬಲ್ಬಿನ ರೋಧ. ಸ್ವಿಚ್ ಹಾಕಿದ ಕ್ಷಣದಲ್ಲೇ ಇಂಥ ಬಲ್ಬುಗಳು ಹೆಚ್ಚಾಗಿ ಸುಟ್ಟುಹೋಗುತ್ತಿದ್ದುದಕ್ಕೆ ತಣ್ಣಗಿರುವ ತಂತಿಯ ಈ ಕಡಿಮೆ ರೋಧವೂ ಕಾರಣ. ಪಂಪ್‌ಸೆಟ್, ಫ್ಯಾನುಗಳಂಥ ಮೋಟಾರುಗಳಿಗೆ ಈ ಸರಳ ಗುಣಾಕಾರ ಸಾಲದು, ಅಲ್ಲಿ ಪವರ್ ಫ್ಯಾಕ್ಟರ್‌ನಿಂದಲೂ (ವೋಲ್ಟ್, ಆಂಪೇರ್‌ಗಳ ಗುಣಲಬ್ಧದಲ್ಲಿ ನಿಜವಾಗಿ ಸಾಮರ್ಥ್ಯವಾಗುವ ಪಾಲು) ಗುಣಿಸಬೇಕು.

ಪ್ಲಗ್‌ನ ಕಥೆಯೇ ದೊಡ್ಡದಾಗಿ ನಡೆಯುವುದು ವಿದ್ಯುತ್ ಸಾಗಿಸುವ ತಂತಿಗಳಲ್ಲಿ. ಒಂದು ಲಕ್ಷ ವ್ಯಾಟನ್ನು 5 ಓಮ್ ರೋಧದ ತಂತಿಯಲ್ಲಿ ಕಳಿಸಬೇಕು ಎನ್ನೋಣ. 1,000 ವೋಲ್ಟ್‌ನಲ್ಲಿ ಕಳಿಸಿದರೆ ಪ್ರವಾಹ 100 ಆಂಪೇರ್, ತಂತಿಯಲ್ಲೇ 50,000 ವ್ಯಾಟ್ ಶಾಖವಾಗಿ ಹೋಗುತ್ತದೆ. 10,000 ವೋಲ್ಟ್‌ನಲ್ಲಿ ಕಳಿಸಿದರೆ ಪ್ರವಾಹ 10 ಆಂಪೇರ್, ನಷ್ಟ ಬರೀ 500 ವ್ಯಾಟ್. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ ವಿದ್ಯುತ್ ಹರಿಸಿದಾಗ ವೋಲ್ಟೇಜನ್ನು ಹತ್ತಾರು ಸಾವಿರಕ್ಕೆ ಏರಿಸಿಯೇ ಕಳಿಸಿದ್ದು ಈ ಲೆಕ್ಕಕ್ಕಾಗಿ.