ಒಂಟಿಯಾಗಿ ಕೆಲಸ ಮಾಡದ ಕಿಣ್ವ

ಇಝಡ್‌ಎಚ್2 ಎಂಬ ಕಿಣ್ವವನ್ನು ಶುದ್ಧೀಕರಿಸಿ, ಬೇಕಾದ ಕಚ್ಚಾವಸ್ತುವನ್ನೆಲ್ಲ ಪ್ರನಾಳದಲ್ಲಿ ಒದಗಿಸಿದರೂ ಅದು ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಇಇಡಿ, ಸುಝ್12 ಎಂಬ ಇನ್ನೆರಡು ಪ್ರೋಟೀನುಗಳು ಬಂದು ಕೂಡಿಕೊಂಡ ಮೇಲೆಯೇ ಕೆಲಸ ಶುರು. ಈ ಕೂಟದ ಹೆಸರು ಪಿಆರ್‌ಸಿ2.

ಡಿಎನ್‌ಎ ಎಳೆ ಹಿಸ್ಟೋನ್ ಎಂಬ ಎಂಟು ಪ್ರೋಟೀನುಗಳ ಉಂಡೆಗೆ 147 ಬೇಸ್ ಜೋಡಿಯಷ್ಟು (ಏಣಿಯಂಥ ಆ ಎಳೆಯ 147 ಮೆಟ್ಟಿಲಿನಷ್ಟು) ಸುತ್ತಿಕೊಂಡಿರುತ್ತದೆ. ಉಂಡೆಯಿಂದ ಹೊರಚಾಚಿದ ಎಚ್3 ಹಿಸ್ಟೋನಿನ ಬಾಲದಲ್ಲಿ 27ನೆಯ ಅಮೈನೋ ಆಮ್ಲ ಲೈಸಿನ್. ಅದಕ್ಕೆ ಇಝಡ್‌ಎಚ್2 ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪುಗಳನ್ನು ಒಂದೊಂದಾಗಿ ಮೂರು ಜೋಡಿಸುತ್ತದೆ. ಈ ಮೂರು ಮೀಥೈಲ್‌ಗಳೇ ಒಂದು ಗುರುತು; ಅದಿರುವ ಕಡೆ ಜೀನುಗಳು ಸಾಮಾನ್ಯವಾಗಿ ಮೌನ, ಅಂದರೆ ಕೆಲಸ ನಿಲ್ಲಿಸಿರುತ್ತವೆ.

ಇಇಡಿಯ ಪಾತ್ರವೇ ಇಲ್ಲಿ ಸ್ವಾರಸ್ಯದ್ದು. ಉಂಗುರ ರಚನೆಯ ಅಮೈನೋ ಆಮ್ಲಗಳಿಂದಾದ ಪುಟ್ಟ ಗೂಡೊಂದು ಅದರಲ್ಲಿದೆ. ಮೂರು ಮೀಥೈಲ್ ಹೊತ್ತ ಲೈಸಿನ್ ಆ ಗೂಡಿಗೆ ಸರಿಯಾಗಿ ಕೂರುತ್ತದೆ. ಕೂತೊಡನೆ ಕಿಣ್ವದ ಆಕಾರ ಬದಲಾಗಿ ಅದರ ವೇಗ ಹಲವು ಪಟ್ಟು ಏರುತ್ತದೆ. ಅಂದರೆ ಹಳೆಯ ಗುರುತೇ ಪಕ್ಕದಲ್ಲಿ ಹೊಸ ಗುರುತು ಹಾಕಿಸುತ್ತದೆ. ಕೋಶ ಇಬ್ಭಾಗವಾಗುವ ಮುನ್ನ ಡಿಎನ್‌ಎ ನಕಲಾದಾಗ ಹಳೆಯ ಹಿಸ್ಟೋನುಗಳು ಎರಡೂ ಪ್ರತಿಗಳಿಗೆ ಹಂಚಿಹೋಗಿ ಗುರುತು ಅರ್ಧಕ್ಕಿಳಿಯುತ್ತದೆ. ಅದನ್ನು ಮತ್ತೆ ತುಂಬಿಕೊಳ್ಳಲು ಈ ಏರ್ಪಾಡು ಬೇಕೇ ಬೇಕು.

ಕೆಡುವುದು ಹೇಗೆ? ಮಕ್ಕಳ ಮಿದುಳುಕಾಂಡದ ಒಂದು ಬಗೆಯ ಗಂತಿಯಲ್ಲಿ 27ನೆಯ ಲೈಸಿನ್ ಜಾಗಕ್ಕೆ ಮೀಥಿಯೋನಿನ್ ಎಂಬ ಬೇರೆ ಅಮೈನೋ ಆಮ್ಲ ಬಂದಿರುವುದು 2012ರಲ್ಲಿ ತಿಳಿಯಿತು. ಎಚ್3 ತಯಾರಿಸುವ ಜೀನುಗಳು ನಮ್ಮಲ್ಲಿ ಹತ್ತಕ್ಕೂ ಹೆಚ್ಚಿವೆ. ಕೆಟ್ಟಿರುವುದು ಅವುಗಳಲ್ಲಿ ಒಂದರ ಒಂದು ಪ್ರತಿ ಮಾತ್ರ. ಆದರೂ ಇಡೀ ಕೋಶದಲ್ಲಿ ಆ ಗುರುತು ಕುಸಿಯುತ್ತದೆ. ಬದಲಾದ ಬಾಲ ಕಿಣ್ವದ ಕ್ರಿಯಾಸ್ಥಾನಕ್ಕೆ, ಅಂದರೆ ಅದು ಕೆಲಸ ನಡೆಸುವ ಜಾಗಕ್ಕೆ, ಸಿಕ್ಕಿಕೊಂಡು, ಅದರಲ್ಲೂ ಇಇಡಿ ಚುರುಕುಗೊಳಿಸಿದ ಕೂಟವನ್ನೇ ಹೆಚ್ಚಾಗಿ ತಡೆಯುತ್ತದೆ. ಮಕ್ಕಳ ಹಿಂಮಿದುಳಿನ ಮತ್ತೊಂದು ಗಂತಿಯಲ್ಲಿ ಹಿಸ್ಟೋನ್ ಸರಿಯಾಗಿಯೇ ಇರುತ್ತದೆ. ಅಲ್ಲಿ ಇಝಡ್‌ಎಚ್‌ಐಪಿ ಎಂಬ ಪ್ರೋಟೀನು ಅದೇ ಮೀಥಿಯೋನಿನ್ ಬಾಲವನ್ನು ಅನುಕರಿಸಿ ಕಿಣ್ವವನ್ನು ಕಟ್ಟಿಹಾಕುತ್ತದೆ. ಸಹಜವಾಗಿ ಈ ಪ್ರೋಟೀನು ಕಾಣಬೇಕಾದದ್ದು ಅಂಡ, ವೀರ್ಯಾಣುಗಳನ್ನು ಹುಟ್ಟಿಸುವ ಕೋಶಗಳಲ್ಲಿ!

ಬಿಳಿರಕ್ತಕಣಗಳ ಕ್ಯಾನ್ಸರುಗಳಾದ ಲಿಂಫೋಮಾಗಳಲ್ಲಿ ಕೆಲವದರ ಕಥೆ ಉಲ್ಟಾ. ಅಲ್ಲಿ ರೂಪಾಂತರಗೊಂಡ ಇಝಡ್‌ಎಚ್2ಕ್ಕೆ ಮೊದಲ ಮೀಥೈಲ್ ಹಾಕುವುದು ಕಷ್ಟ, ಮೂರನೆಯದು ಸಲೀಸು. ಅದೇ ಜೀನಿನ ಇನ್ನೊಂದು ಪ್ರತಿಯಿಂದ ಬಂದ ಸರಿಯಾದ ಕಿಣ್ವ ಮೊದಲ ಹೆಜ್ಜೆಗಳನ್ನು ಮುಗಿಸಿಕೊಡುವುದರಿಂದ ಗುರುತು ಅತಿಯಾಗುತ್ತದೆ. ಈ ಕಿಣ್ವದ ಕ್ರಿಯಾಸ್ಥಾನವನ್ನು ಮುಚ್ಚುವ ಟಾಝೆಮೆಟೊಸ್ಟಾಟ್ ಎಂಬ ಔಷಧಕ್ಕೆ 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಕ್ರಿಯಾಸ್ಥಾನ ಮತ್ತೆ ರೂಪಾಂತರಗೊಂಡರೆ ಅಂಥ ಔಷಧ ಹಿಡಿತ ಕಳೆದುಕೊಳ್ಳುತ್ತದೆ. ಅದಕ್ಕೇ ಇಇಡಿಯ ಗೂಡನ್ನೇ ತುಂಬಿಬಿಡುವ ಅಣುಗಳನ್ನೂ ರೂಪಿಸಲಾಗಿದೆ. ಔಷಧಕ್ಕೆ ಬಗ್ಗದ ಕೋಶಗಳನ್ನೂ ಅವು ಪ್ರಯೋಗಾಲಯದಲ್ಲಿ ತಡೆದಿವೆ.